ಗಿರಣಿಯಿಂದ ಕುಂದಾ ಡಬ್ಬಿಗೆ

ನನ್ನ ಗಂಡ ತೀರಿಕೊಂಡ ಮೇಲೆ ಮೈದುನ ನನ್ನ ಪಾಲಿಗೆ ಬಿಟ್ಟುಕೊಟ್ಟದ್ದು ಒಂದು ಗದ್ದಲವನ್ನು. ಅದನ್ನು ನಾವು ಗಿರಣಿ ಎಂದು ಕರೆಯುತ್ತಿದ್ದೆವು. ಹಿಂದವಾಡಿಯ ನಮ್ಮ ಮನೆಯ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಅದು ಹಗಲೂ ರಾತ್ರಿ ಗುಂಯ್ ಎನ್ನುತ್ತಿತ್ತು. ಮೊದಲ ಸಲ ಬಂದವರು ಚಪ್ಪಲಿ ಬಿಡುತ್ತಲೇ, "ಒಳಗ ಹಿಟ್ಟು ಬೀಸಾಕತ್ತೀರೇನ್ರಿ?" ಎಂದು ಕೇಳುತ್ತಿದ್ದರು. ಬೀಸುವುದೇನೂ ಇರಲಿಲ್ಲ. ಅದು ಸರ್ವರ್. ಯಾವುದೋ ಕಚೇರಿಯವರು ಹೊಸದನ್ನು ತರಿಸಿಕೊಂಡು ಹಳೆಯದನ್ನು ಹೊರಗೆ ಹಾಕಿದಾಗ ನನ್ನ ಗಂಡ ಅದನ್ನು ಟೆಂಪೋದಲ್ಲಿ ಹೇರಿಕೊಂಡು ಬಂದಿದ್ದರು. ಬೆಳಗಾವಿಯಿಂದ ಕಣಕುಂಬಿಯವರೆಗೆ ಅವರು ಶೂಟಿಂಗ್ ಮಾಡಿದ ಮದುವೆ, ಬಸುರಿಯರ ಕುಬಸ, ತೊಟ್ಟಿಲು, ಗೃಹಪ್ರವೇಶ ಎಲ್ಲವೂ ಅದರ ಹೊಟ್ಟೆಯಲ್ಲಿದ್ದವು.

ಸ್ಟುಡಿಯೋ ಇದ್ದದ್ದು ಖಾನಾಪುರದಲ್ಲಿ. ಅಣ್ಣ ತಮ್ಮ ಇಬ್ಬರೂ ಸೇರಿ ಕಟ್ಟಿದ್ದು. ಹೊರಗಿನ ಬೋರ್ಡಿನಲ್ಲಿ ಇಬ್ಬರ ಹೆಸರೂ ಇತ್ತು, ಅಣ್ಣನದು ಮೊದಲು. ಕ್ಯಾಮೆರಾ ಹಿಡಿಯುವವರು ನನ್ನ ಗಂಡ. ಗಿರಾಕಿಗಳ ಜೊತೆ ಮಾತು, ಲೈಟು, ಆಲ್ಬಮ್ಮಿನ ವ್ಯವಹಾರ ತಮ್ಮನದು. ಮಿಕ್ಸಿಂಗ್ ನನ್ನದು, ಅಂದರೆ ಶೂಟ್ ಮಾಡಿದ್ದನ್ನು ಕತ್ತರಿಸಿ, ಜೋಡಿಸಿ, ಮೂಲದ ಸದ್ದನ್ನೆಲ್ಲ ತೆಗೆದು ಅದರ ಮೇಲೆ ಸಿನಿಮಾ ಹಾಡು ಅಂಟಿಸುವುದು. ಒಲೆಯ ಮೇಲೆ ಬೇಳೆ ಬೇಯಲಿಟ್ಟು, ಯಾರು ಯಾರದೋ ಮದುವೆಯ ಅಕ್ಕಿಕಾಳಿನ ಹೊತ್ತಿಗೆ ಹಾಡು ಹುಡುಕಿಕೊಟ್ಟವಳು ನಾನು. ಬೋರ್ಡಿನಲ್ಲಿ ನನ್ನ ಹೆಸರಿರಲಿಲ್ಲ. ಅದಕ್ಕೆ ನನಗೆ ಸಿಟ್ಟೇನೂ ಇಲ್ಲ. ಇದ್ದ ಸಿಟ್ಟೆಲ್ಲ ಮುಂದೆ ಬೇರೆ ಕಡೆ ಬೇಕಾಯಿತು.

ಯಾರದೋ ಮದುವೆಗೆ ಹೊರಟ ಮುಂಜಾನೆ, ಕ್ಯಾಮೆರಾ ಬ್ಯಾಗನ್ನು ಹೆಗಲಿಗೆ ಹಾಕಿಕೊಳ್ಳುವಾಗಲೇ ಅವರ ಎದೆ ಹಿಡಿದುಕೊಂಡಿತು. ಆಸ್ಪತ್ರೆ ಮುಟ್ಟಲಿಲ್ಲ. ಹನ್ನೊಂದನೆಯ ದಿನದ ಶಿವಗಣಾರಾಧನೆ ಇನ್ನೂ ಆಗಿರಲಿಲ್ಲ, ಅಷ್ಟರಲ್ಲೇ ಮಾತನಾಡಿಸಲು ಖಾನಾಪುರದಿಂದ ಬಂದ ಬೀಗರೊಬ್ಬರು ಚಹಾ ಕುಡಿಯುತ್ತ, "ಅಂಗಡಿ ಬೋರ್ಡ್ ಹೊಸಾದು ಹಾಕ್ಯಾರಲ್ರಿ, ಛಲೋ ಆಗೈತಿ," ಎಂದರು. ಅವರಿಗೆ ಗೊತ್ತಿರಲಿಲ್ಲ, ಪಾಪ. ನನಗೂ ಗೊತ್ತಿರಲಿಲ್ಲ. ಆ ಸಂಜೆ ಮೈದುನ ಮನೆಗೆ ಬಂದಾಗ ನೇರವಾಗಿ ಕೇಳಿದೆ.

"ಅಣ್ಣನ ಹೆಸರು ಯಾಕ ತಗದಿ?"

"ಗಿರಾಕಿ ಬಂದು ಅಣ್ಣಾರ ಎಲ್ಲಿ ಅಂತ ಕೇಳ್ತಾರ ವೈನಿ. ಇಲ್ಲದವರ ಹೆಸರು ಇಟ್ಕೊಂಡು ನಾ ಏನಂತ ಹೇಳ್ಲಿ?" ಎಂದ. ಆಮೇಲೆ ಮೆಟ್ಟಿಲ ಕಡೆ ಕೈ ತೋರಿಸಿ, "ಅಂಗಡಿ ಇನ್ನ ನಾ ನೋಡ್ಕೋತೀನ್ರಿ. ಆ ಗುಜರಿ ನಿಮಗ ಇರ್ಲಿ. ಅದರಾಗ ಏನೈತ್ರಿ, ಬರೇ ಸದ್ದು," ಎಂದ.

ಅದನ್ನು ನಾನು ಮರೆಯಲಿಲ್ಲ. ಮರೆಯುವ ಪ್ರಯತ್ನವನ್ನೂ ಮಾಡಲಿಲ್ಲ. ಸಿಟ್ಟನ್ನು ನುಂಗಿಕೊಳ್ಳುವವರು ಇರುತ್ತಾರೆ. ನಾನು ಅದನ್ನು ಉಪ್ಪಿನಕಾಯಿಯ ಹಾಗೆ ಭರಣಿಗೆ ಹಾಕಿ, ಬಾಯಿಗೆ ಅರಿವೆ ಕಟ್ಟಿ, ಆಗಾಗ ಬಿಚ್ಚಿ ನೋಡಿ ಮತ್ತೆ ಕಟ್ಟಿಟ್ಟೆ. ಬೆಳಗಾವಿಯ ನೆಂಟರಲ್ಲಿ ದೊಡ್ಡ ಮನಸ್ಸು ಮಾಡು ಎಂದು ಹೇಳದವರಿಲ್ಲ. ದೊಡ್ಡ ಮನಸ್ಸು ಮಾಡುವುದು ಯಾವಾಗಲೂ ಕಳೆದುಕೊಂಡವರ ಕೆಲಸವೇ ಏಕಾಗಿರಬೇಕೋ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಗಿರಣಿಯನ್ನು ಸಾಕುವುದು ಸುಲಭವಿರಲಿಲ್ಲ. ಬೇಸಿಗೆಯಲ್ಲಿ ಆ ಕೋಣೆ ಹಪ್ಪಳ ಒಣಗಿಸುವಷ್ಟು ಕಾಯುತ್ತಿತ್ತು. ಮಳೆಗಾಲದಲ್ಲಿ ಬೆಚ್ಚಗಿರಲೆಂದು ಊರಿನ ಹಲ್ಲಿಗಳೆಲ್ಲ ಅದರ ಬೆನ್ನಿಗೆ ಬಂದು ಅಂಟುತ್ತಿದ್ದವು. ಕರೆಂಟು ಹೋದರೆ ಯುಪಿಎಸ್ ಕಿರುಚಿಕೊಳ್ಳುತ್ತಿತ್ತು, ಬಂದರೆ ಫ್ಯಾನುಗಳು ವಿಮಾನ ಏರುವ ಹಾಗೆ ಸದ್ದು ಮಾಡುತ್ತಿದ್ದವು. ಆ ಸದ್ದಿನಲ್ಲಿ ನಾನು ನನ್ನಷ್ಟಕ್ಕೆ ಬೈದುಕೊಂಡರೂ ಯಾರಿಗೂ ಕೇಳುತ್ತಿರಲಿಲ್ಲ. ಬಿಲ್ಲು ಎಷ್ಟೇ ಬಂದರೂ ಅದನ್ನು ನಿಲ್ಲಿಸಲಿಲ್ಲ. ಅವನು ಅದನ್ನು ಗುಜರಿ ಎಂದಿದ್ದ. ಅದು ಓಡುತ್ತಲೇ ಇರಬೇಕಾಗಿತ್ತು.

ಓಡಿದ್ದರ ಫಲವೂ ಸಿಕ್ಕಿತು. ಖಾನಾಪುರದ ಮಳೆ ಎಂಥದು ಎಂದು ಅಲ್ಲಿಯವರಿಗೆ ಹೇಳಬೇಕಿಲ್ಲ. ಅಂಗಡಿಯ ಹಳೆಯ ಕ್ಯಾಸೆಟ್ಟುಗಳಿಗೆಲ್ಲ ಬೂಷ್ಟು ಹಿಡಿಯಿತು. ಅವನಲ್ಲಿದ್ದ ಹಾರ್ಡ್ ಡಿಸ್ಕು ಟಕ್ ಟಕ್ ಎಂದು ಒಂದಷ್ಟು ದಿನ ಸದ್ದು ಮಾಡಿ ಸತ್ತಿತು. ಹಳೆಯ ವಿಡಿಯೋ ಕೇಳಿಕೊಂಡು ಬಂದವರನ್ನು ಅವನು ಸಿಗುವುದಿಲ್ಲ ಎಂದು ಕಳಿಸುತ್ತಿದ್ದ. ಅವರು ಹೇಗೋ ಹುಡುಕಿಕೊಂಡು ನನ್ನ ಮನೆಗೆ ಬರುತ್ತಿದ್ದರು. ನಾನು ಕುಂದರ್ರಿ ಎಂದು ಚಹಾ ಕೊಟ್ಟು, ಗಿರಣಿಯಿಂದ ಅವರ ಮದುವೆಯನ್ನು ತೆಗೆದುಕೊಟ್ಟು, ಕಳಿಸುವಾಗ ಒಂದೇ ಮಾತು ಹೇಳುತ್ತಿದ್ದೆ: "ಹೋಗುವಾಗ ಅಂಗಡಿಗೆ ಹೋಗಿ, ಸಿಕ್ತು ಅಂತ ಹೇಳಿ ಹೋಗ್ರಿ." ಬಹಳ ಮಂದಿ ಹೇಳಿಯೂ ಹೋಗಿದ್ದಾರೆ. ಅದು ನನ್ನ ಸಣ್ಣ ಸಣ್ಣ ಹಬ್ಬ.

ಕೊನೆಗೆ ಗಿರಣಿಯ ಕಾಲವೂ ಮುಗಿಯಿತು. ಒಂದು ಫ್ಯಾನು ಕುಂಟತೊಡಗಿತು. ಅದಕ್ಕೆ ಸರಿಹೊಂದುವ ಫ್ಯಾನು ಪೇಟೆಯಲ್ಲಿ ಸಿಗಲಿಲ್ಲ. ಖಡೇಬಜಾರದ ಕಡೆ ಒಂದು ಕಂಪ್ಯೂಟರ್ ಅಂಗಡಿಗೆ ಹೋಗಿ, ಸದ್ದು ಮಾಡದ, ಕರೆಂಟು ತಿನ್ನದ, ಸಣ್ಣದೊಂದು ಬೇಕು ಎಂದೆ. ಅಂಗಡಿಯವನು ನನ್ನ ನರೆತ ಕೂದಲು ನೋಡಿ, "ಅಮ್ಮಾರ, ಫೋಟೋ ಇಡಾಕ ಪೆನ್ ಡ್ರೈವ್ ಸಾಕಾಗತೈತ್ರಿ," ಎಂದ. ನನ್ನ ಹತ್ತಿರ ಎಷ್ಟಿದೆ ಎಂದು ಹೇಳಿದೆ. ಅವನು ಕುರ್ಚಿ ಎಳೆದು ಕೊಟ್ಟ.

ತಂದದ್ದು ನಮ್ಮ ಬೆಳಗಾವಿಯ ಸಿಹಿ ಕುಂದಾದ ಡಬ್ಬಿಯಷ್ಟೇ ಇತ್ತು, ನೆಂಟರ ಮನೆಗೆ ಒಯ್ಯುವ ದೊಡ್ಡ ಡಬ್ಬಿ. ಒಳಗೆ ಫ್ಯಾನೇ ಇಲ್ಲ. ದೇವರ ಮುಂದಿನ ಝೀರೋ ಬಲ್ಬಿಗಿಂತ ಸ್ವಲ್ಪ ಹೆಚ್ಚು ಕರೆಂಟು ತಿನ್ನುತ್ತದೆ. ಎರಡು ಡಿಸ್ಕುಗಳಿವೆ, ಒಂದರಲ್ಲಿ ಬರೆದದ್ದು ತಾನಾಗಿಯೇ ಇನ್ನೊಂದಕ್ಕೂ ಹೋಗುತ್ತದೆ, ಒಂದು ಸತ್ತರೆ ಇನ್ನೊಂದು ಅದರದನ್ನೂ ಕಾಪಾಡಿಕೊಂಡು ನಡೆಯುತ್ತದೆ. ಅಣ್ಣ ತಮ್ಮಂದಿರಿಗಿಂತ ಮೇಲು. ಟಿವಿ ಪಕ್ಕದ ಕಪಾಟಿನಲ್ಲಿಟ್ಟು ಕಿವಿ ಹಚ್ಚಿದರೆ ಇಲಿಮರಿ ಕಾಗದ ಕೆರೆದ ಹಾಗೆ ಕೇಳುತ್ತದೆ, ಅಷ್ಟೇ.

ದೊಡ್ಡದರಿಂದ ಚಿಕ್ಕದಕ್ಕೆ ಹೋಗುವಾಗ ಎಲ್ಲವನ್ನೂ ಒಯ್ಯುವುದಕ್ಕಾಗುವುದಿಲ್ಲ. ಬಿಟ್ಟುಬಿಡಲು ಒಂದು ಮರ್ಯಾದೆಯ ಕಾರಣ ಸಿಗುತ್ತದೆ. ಮಸುಕಾದ ತುಣುಕುಗಳು, ಒಂದೇ ಆರತಿಯನ್ನು ಹತ್ತು ಸಲ ಹಿಡಿದದ್ದು, ಊಟದ ಪಂಕ್ತಿಯ ಉದ್ದಕ್ಕೂ ಎಲೆಗಳನ್ನೇ ತೋರಿಸಿದ್ದು, ಎಲ್ಲವನ್ನೂ ಬಿಟ್ಟೆ. ಬೇರೆಯವರ ಮದುವೆಗಳನ್ನು ಒಂದೊಂದಾಗಿ ನೋಡಿ, ಪರವಾಗಿಲ್ಲ ಎನಿಸಿದ್ದನ್ನು ಡಬ್ಬಿಗೆ ಸೇರಿಸಿದೆ. ಮೈದುನನ ಮನೆಯದನ್ನು ಒಂದು ಕಡೆ ಗುಡ್ಡೆ ಹಾಕಿದೆ: ಅವನ ಮದುವೆ, ಅವನ ಮಗಳ ತೊಟ್ಟಿಲು, ಅವನ ಹೊಸ ಮನೆ. ಆ ಗುಡ್ಡೆಯನ್ನು ಗಿರಣಿಯ ಜೊತೆಗೇ ಗುಜರಿಗೆ ಹಾಕುವುದೆಂದು ನಿಶ್ಚಯಿಸಿಬಿಟ್ಟಿದ್ದೆ. ನಿಶ್ಚಯಿಸಿದ ದಿನ ಬಹಳ ಹಗುರಾಗಿ ಊಟ ಮಾಡಿದೆ.

ಅಷ್ಟರಲ್ಲಿ ಖಂಡೆನವಮಿ ಬಂತು. ಆ ದಿನ ನಮ್ಮಲ್ಲಿ ಕಸುಬಿನ ಸಾಮಾನುಗಳನ್ನು ತೊಳೆದು ಒರೆಸಿ ಪೂಜೆಗಿಡುತ್ತೇವೆ. ಮರುದಿನ ಬನ್ನಿ ಮುಡಿಯುವವರೆಗೆ ಅವುಗಳಿಗೆ ಕೆಲಸ ಹಚ್ಚುವುದಿಲ್ಲ. ಅವರ ಹಳೆಯ ಕ್ಯಾಮೆರಾ, ಗಿರಣಿ, ಡಬ್ಬಿ ಮೂರಕ್ಕೂ ವಿಭೂತಿ ಹಚ್ಚಿ ಚೆಂಡುಹೂ ಇಟ್ಟೆ. ಕಾಪಿ ಮಾಡುವುದನ್ನು ನಡುವೆಯೇ ನಿಲ್ಲಿಸಿದ್ದೆ. ಗಿರಣಿಯನ್ನು ಆರಿಸಿದಾಗ ಮನೆಯೊಳಗೆ ಗಡಿಯಾರದ ಸದ್ದು ಕೇಳಿತು.

ಮರುದಿನ, ವಿಜಯದಶಮಿಯ ಸಂಜೆ, ಆ ಸುಮ್ಮನಿದ್ದ ಮನೆಗೆ ಮೈದುನ ಬಂದ. ಅಣ್ಣ ಹೋದ ಮೇಲೆ ಒಂದು ಸಲವೂ ಬನ್ನಿ ಕೊಡಲು ಬಂದವನಲ್ಲ. ನಮ್ಮ ಕಡೆ ಆ ದಿನ ಬನ್ನಿ ಎಲೆ ಹಿಡಿದು ಯಾರು ಹೊಸ್ತಿಲು ತುಳಿದರೂ ತಿರುಗಿಸಿ ಕಳಿಸುವಂತಿಲ್ಲ. ಎಂಥ ಹಗೆಯಿದ್ದರೂ ಎಲೆ ಇಸಿದುಕೊಳ್ಳಬೇಕು, ಅಷ್ಟೇ ಎಲೆ ತಿರುಗಿ ಕೊಡಬೇಕು. ಇದು ಅವನಿಗೂ ಗೊತ್ತು. ಅದಕ್ಕೇ ಆ ದಿನವನ್ನೇ ಆರಿಸಿಕೊಂಡು ಬಂದಿದ್ದ.

"ಬನ್ನಿ ತಗೋರಿ ವೈನಿ, ಬಂಗಾರದಂಗ ಇರೂಣು," ಎಂದು ಎಲೆ ಕೊಟ್ಟು ಕಾಲಿಗೆ ಬಿದ್ದ. ನಾನೂ ಎಲೆ ಕೊಟ್ಟೆ. ಕುಂದರು ಎಂದೆ. ಕುಳಿತ. ಚಹಾ ಮುಗಿಯುವವರೆಗೆ ಮಳೆ, ಬತ್ತ, ರಸ್ತೆ ಎಂದೆಲ್ಲ ಮಾತನಾಡಿ ಆಮೇಲೆ ಕೆಮ್ಮಿದ.

"ನಮ್ಮ ಲಗ್ನಾಗಿ ಇಪ್ಪತ್ತೈದು ವರ್ಷ ಆತು ನೋಡ್ರಿ. ಮಗಳು ಖಾನಾಪುರದಾಗ ಮಂಗಲ ಕಾರ್ಯಾಲಯ ಹಿಡದಾಳ. ದೊಡ್ಡ ಪರದೆ ಮ್ಯಾಲೆ ಲಗ್ನದ ವಿಡಿಯೋ ಹಾಕೂದು ಅಂತ ಹಟ ಹಿಡದಾಳ್ರಿ."

"ಹಾಕ್ರಿ."

"ನನ್ನ ಹತ್ರ ಉಳದಿಲ್ರಿ ವೈನಿ. ಕ್ಯಾಸೆಟ್ ಹಾಳಾತು, ಡಿಸ್ಕೂ ಹೋತು." ಅವನು ಮೆಟ್ಟಿಲ ಕೆಳಗಿನ ಬಾಗಿಲ ಕಡೆ ನೋಡಿದ. "ಅದರಾಗ ಇರಬೇಕಲ್ರಿ."

ಅವನ ಬಾಯಿಂದ ಅದನ್ನು ಕೇಳಲು ನಾನು ಇಷ್ಟು ವರ್ಷ ಬಿಲ್ಲು ಕಟ್ಟಿದ್ದೆ ಎನಿಸಿತು. ಇಲ್ಲ ಎನ್ನಬಹುದಿತ್ತು. ಆದರೆ ಬನ್ನಿ ಎಲೆ ಇನ್ನೂ ಕೈಯಲ್ಲಿತ್ತು, ಅದೂ ಅಲ್ಲದೆ ಇಷ್ಟು ಬೇಗ ಮುಗಿಸುವುದು ನನಗೇ ಇಷ್ಟವಿರಲಿಲ್ಲ. "ಹುಡುಕಿ ನೋಡ್ತೀನಿ," ಎಂದೆ. ಅವನು ಹೋಗುವಾಗ ಮತ್ತೊಮ್ಮೆ ಕಾಲಿಗೆ ಬಿದ್ದ.

ಮರುದಿನ ಮಧ್ಯಾಹ್ನ ಗಿರಣಿಯನ್ನು ಹಚ್ಚಿ ಅವನ ಮದುವೆಯನ್ನು ತೆರೆದೆ. ಅಳಿಸುವ ಮೊದಲು ಒಂದು ಸಲ ಏನು ಅಳಿಸುತ್ತಿದ್ದೇನೆಂದು ಕಣ್ಣಾರೆ ನೋಡಿ ಅಳಿಸಬೇಕೆಂಬ ಆಸೆ. ಆ ಮದುವೆಯ ಶೂಟಿಂಗ್ ಮಾಡಿದ್ದು ಬೆಳಗಾವಿಯ ಬೇರೆ ಕ್ಯಾಮೆರಾದವರು, ಮಿಕ್ಸಿಂಗ್ ಕೂಡ ಅವರದೇ; ಮೂಲದ ಮಾತುಗಳನ್ನೆಲ್ಲ ತೆಗೆದು ಉದ್ದಕ್ಕೂ ಸನಾದಿ ಹಾಕಿದ್ದರು. ಮದುವೆಯಾದ ಹೊಸತರಲ್ಲಿ ಮನೆಮಂದಿಯೆಲ್ಲ ಕೂಡಿ ಒಂದು ಸಲ ನೋಡಿದ್ದೆವು. ಆಗ ನಾನು ನೋಡಿದ್ದು ನನ್ನ ಸೀರೆಯನ್ನು. ಗಂಡ ಪಕ್ಕದಲ್ಲೇ ಕುಳಿತಿದ್ದರು, ಪರದೆಯ ಮೇಲೆ ಅವರನ್ನು ನೋಡುವುದೇನಿತ್ತು?

ಈಗ ನೋಡಿದೆ. ನನ್ನ ಗಂಡ ಜೀವನವಿಡೀ ಕ್ಯಾಮೆರಾದ ಹಿಂದೆ ನಿಂತವರು. ಗಿರಣಿಯ ಹೊಟ್ಟೆಯಲ್ಲಿದ್ದ ಸಾವಿರ ಮಂದಿಯಲ್ಲಿ ಅವರಿಲ್ಲ. ಗೋಡೆಯ ಮೇಲೆ ಅವರ ನೆರಳು ಬಿದ್ದದ್ದಿದೆ, ಯಾರದೋ ಮನೆಯ ಕನ್ನಡಿಯಲ್ಲಿ ಅವರ ಮೊಣಕೈ ಇದೆ, ಅಷ್ಟೇ. ನಮ್ಮದೇ ಮದುವೆಗೆ ವಿಡಿಯೋ ಇರಲಿಲ್ಲ. ಬಿಗಿದ ಮುಖದ ಫೋಟೋಗಳಿವೆ. ತಮ್ಮನ ಮದುವೆಯ ದಿನ ಮಾತ್ರ ಅವರು ಕ್ಯಾಮೆರಾ ಮುಟ್ಟಿರಲಿಲ್ಲ. ಆ ದಿನ ಅವರು ಮದುಮಗನ ಅಣ್ಣ. ಶಲ್ಯ ಸೊಂಟಕ್ಕೆ ಸುತ್ತಿಕೊಂಡು ಓಡಾಡುತ್ತಿದ್ದಾರೆ. ಅರಿಷಿಣದ ಸ್ನಾನಕ್ಕೆ ತಮ್ಮನ ಮೇಲೆ ಸುರಿಗಿಯ ನೀರು ಹಾಕುತ್ತಿದ್ದಾರೆ. ಅವನ ತಲೆಗೆ ಪಟಗಾ ಸುತ್ತುತ್ತಿದ್ದಾರೆ. ಬ್ಯಾಂಡಿನವರ ಮುಂದೆ ನಾಚಿಕೆ ಬಿಟ್ಟು ಕುಣಿಯುತ್ತಿದ್ದಾರೆ. ಹುಗ್ಗಿಯ ಬಕೆಟ್ ಹಿಡಿದು ಪಂಕ್ತಿಗೆ ಬಡಿಸುತ್ತಿದ್ದಾರೆ. ಕೊನೆಯ ಕಡೆ, ಅಕ್ಕಿಕಾಳು ಮುಗಿದ ಮೇಲೆ, ಅಣ್ಣ ತಮ್ಮ ಚಾಪೆಯ ಮೇಲೆ ಬಾಜುಬಾಜು ಕುಳಿತಿರುವಾಗ ತಮ್ಮ ಬಾಗಿ ಕಿವಿಯಲ್ಲಿ ಏನೋ ಹೇಳುತ್ತಾನೆ. ಅವರು ತಲೆ ಹಿಂದಕ್ಕೆ ಚೆಲ್ಲಿ, ಹೊಟ್ಟೆ ಹಿಡಿದುಕೊಂಡು, ಶಲ್ಯದಿಂದ ಕಣ್ಣೊರೆಸಿಕೊಳ್ಳುತ್ತ ನಗುತ್ತಾರೆ. ಅಂಥ ನಗುವನ್ನು ನಾನು ಅವರ ಮುಖದ ಮೇಲೆ ನನ್ನ ಸಂಸಾರದಲ್ಲಿ ಎಂದೂ ಕಂಡಿರಲಿಲ್ಲ. ನಾನು ಅತ್ತುಬಿಟ್ಟೆ. ಗಿರಣಿಯ ಸದ್ದಿನಲ್ಲಿ ಅದು ನನಗೂ ಸರಿಯಾಗಿ ಕೇಳಲಿಲ್ಲ.

ಅಳಿಸುವಂತಿರಲಿಲ್ಲ. ಹಾಗೆಯೇ ಕೊಡುವಂತೆಯೂ ಇರಲಿಲ್ಲ. ಎಲ್ಲ ಕಡೆಯೂ ಅವನು ನನ್ನ ಗಂಡನಿಗೆ ಅಂಟಿಕೊಂಡು ನಿಂತಿದ್ದ. ಹೊಸ ಮದುಮಗನ ಆ ಹೊಳೆಯುವ ಮುಖ ನೋಡುತ್ತ ನೋಡುತ್ತ ಹೊಸ ಬೋರ್ಡು ಕಣ್ಣ ಮುಂದೆ ಬಂತು. ಅವನು ಅಣ್ಣನನ್ನು ಕತ್ತರಿಸಿ ತೆಗೆದಿದ್ದ. ಕತ್ತರಿಸುವುದು ನನ್ನ ಕಸುಬು.

ಆಮೇಲೆ ಕೆಲವು ದಿನ ನಾನು ಬಹಳ ಖುಷಿಯಿಂದ ಕೆಲಸ ಮಾಡಿದೆ ಎಂದು ಒಪ್ಪಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ನನ್ನ ಗಂಡ ಇಲ್ಲದ ಭಾಗವನ್ನೆಲ್ಲ ತೆಗೆದೆ. ಉಳಿದದ್ದರಲ್ಲಿ ಚಿತ್ರದ ಅಂಚನ್ನು ಒಳಗೆ ಎಳೆದು ಮದುಮಗನನ್ನು ಹೊರಗೆ ಹಾಕಿದೆ. ಈಗ ಸುರಿಗಿಯ ನೀರು ಚೆಂಬಿನಿಂದ ಬೀಳುತ್ತದೆ, ಯಾರ ಮೇಲೆ ಬೀಳುತ್ತದೆಂದು ಕಾಣುವುದಿಲ್ಲ. ಪಟಗಾ ಸುತ್ತುವ ಕೈಗಳಿವೆ, ತಲೆ ಇಲ್ಲ. ಅವನ ಅಂಗೈ ಒಂದು ಕಡೆ ನುಸುಳಿಕೊಂಡಿತ್ತು, ಅದನ್ನೂ ತೆಗೆದೆ. ನಗುವ ಭಾಗಕ್ಕೆ ಬಂದಾಗ ಸ್ವಲ್ಪ ತಡೆದೆ. ಅವರ ಭುಜಕ್ಕೆ ಅವನ ಭುಜ ತಾಗಿತ್ತು. ಅಂಚನ್ನು ಕೂದಲೆಳೆಯಷ್ಟು ಅತ್ತಿತ್ತ ಮಾಡಿ ಕೊನೆಗೆ ಸರಿಯಾಗಿ ಕೂರಿಸಿದೆ. ನನ್ನ ಗಂಡ ಒಬ್ಬರೇ ಕುಳಿತು ಎಡಕ್ಕೆ ತಿರುಗಿ ನಗುತ್ತಿದ್ದರು.

ನಡುವೆ ನಿಂತಿದ್ದ ಕಾಪಿಯನ್ನು ಮುಗಿಸಿ, ಹೊಸದನ್ನೂ ಡಬ್ಬಿಗೆ ಹಾಕಿ, ಮೂಲವನ್ನು ಗಿರಣಿಯಿಂದ ಅಳಿಸಿದೆ. ಅದನ್ನೂ ಇಟ್ಟುಕೊಳ್ಳುವಷ್ಟು ಜಾಗ ಡಬ್ಬಿಯಲ್ಲಿ ಧಾರಾಳವಾಗಿ ಇತ್ತು. ನನ್ನಲ್ಲಿ ಇರಲಿಲ್ಲ. ಗಿರಣಿಯ ಡಿಸ್ಕುಗಳನ್ನು ತೆಗೆಸಿ, ಒಂದಕ್ಕೂ ಜೀವ ಉಳಿಯದಂತೆ ಸುತ್ತಿಗೆಯಿಂದ ಹೊಡೆಸಿ, ಕೈಗಾಡಿಯಲ್ಲಿ ಹಳೆಯ ಪೇಪರು ಕೊಳ್ಳಲು ಬರುವವನಿಗೆ ಒಪ್ಪಿಸಿದೆ. ಅವನು ಅದನ್ನು ಹೇರಿಕೊಂಡು ಓಣಿ ದಾಟುವವರೆಗೆ ಬಾಗಿಲಲ್ಲಿ ನಿಂತಿದ್ದೆ.

ಮೈದುನ ಎರಡು ಮೂರು ಸಲ ಫೋನು ಮಾಡಿದ. "ಸಿಕ್ಕೈತಿ. ನಾನ ಖುದ್ದ ತರ್ತೀನಿ, ನನ್ನ ಆಯೇರಿ ಅಂತ ತಿಳ್ಕೋ," ಎಂದೆ. ಆಯೇರಿ ಎಂದರೆ ಕಾರ್ಯದ ದಿನ ಕೊಡುವ ಉಡುಗೊರೆ, ಮುಂಚಿತವಾಗಿ ಕೊಡು ಎಂದು ಕೇಳುವಂತಿಲ್ಲ. ಕಾರ್ಯಕ್ರಮದ ದಿನ ಜಂಪರ ಪೀಸು, ಟವೆಲ್ಲು, ತೆಂಗಿನಕಾಯಿಯ ಜೊತೆ ಪೆನ್ ಡ್ರೈವನ್ನೂ ಚೀಲದಲ್ಲಿಟ್ಟುಕೊಂಡು ಖಾನಾಪುರದ ಬಸ್ಸು ಹತ್ತಿದೆ. ಬೇಕೆಂದೇ ಒಂದು ಬಸ್ಸು ಬಿಟ್ಟು ಹತ್ತಿದ್ದೆ. ಕಾರ್ಯಾಲಯ ಮುಟ್ಟುವಷ್ಟರಲ್ಲಿ ಮಂದಿ ತುಂಬಿದ್ದರು. ಮೈದುನನ ಮಗಳು ಓಡಿ ಬಂದು, "ಬರ್ರಿ ದೊಡ್ಡವ್ವ, ನಿಮ್ಮ ಸಂಬಂಧ ಎಲ್ಲಾರೂ ಕಾಯಾಕತ್ತಾರು," ಎಂದು ಪೆನ್ ಡ್ರೈವ್ ಇಸಿದುಕೊಂಡು ಪರದೆಯವರ ಕೈಗೆ ಕೊಟ್ಟಳು. ನನ್ನನ್ನು ಎಲ್ಲರಿಗಿಂತ ಮುಂದೆ ಕೂಡಿಸಿದರು.

ದೀಪ ಆರಿತು. ಸನಾದಿ ಶುರುವಾಯಿತು. ಚೆಂಬಿನಿಂದ ನೀರು ಬಿತ್ತು. ಪಟಗಾ ಸುತ್ತುವ ಕೈಗಳು ಬಂದವು. ಹಿಂದಿನಿಂದ ಯಾರೋ, "ಏ, ಸೈಜ್ ತಪ್ಪೇತಿ ನೋಡ್ರೋ, ಮದುಮಗ ಕಾಣವಲ್ಲ," ಎಂದು ಕೂಗಿದರು. ನಕ್ಕರು ಕೆಲವರು. ಪರದೆಯವನು ಲ್ಯಾಪ್‌ಟಾಪಿನ ಮೇಲೆ ಬಾಗಿ ಏನೇನೋ ಒತ್ತಿದ. ಹಾರ ಹಾಕಿಕೊಂಡು ಹೆಂಡತಿಯ ಪಕ್ಕ ನಿಂತಿದ್ದ ಮೈದುನ ಮಾತ್ರ ನಗಲಿಲ್ಲ. ಅವನು ಕಸುಬಿನವನು. ಸೈಜು ತಪ್ಪಿದ್ದು ಯಾವುದು, ಕತ್ತರಿಸಿದ್ದು ಯಾವುದು ಎಂದು ಅವನಿಗೆ ಮೊದಲ ನೋಟಕ್ಕೇ ತಿಳಿಯಿತು. ತಿರುಗಿ ನನ್ನನ್ನು ನೋಡಿದ. ನಾನು ಕಣ್ಣು ತಪ್ಪಿಸಲಿಲ್ಲ.

ಆಗ ನನ್ನ ಹಿಂದಿನ ಸಾಲಿನಲ್ಲಿದ್ದ ಮರಾಠಿ ಮುದುಕಿಯೊಬ್ಬಳು ಗಟ್ಟಿಯಾಗಿ, "ಅಗಂ, ಹೇ ತರ ಥೋರಲೇ!" ಎಂದಳು, ಅಯ್ಯೋ, ಇವರು ಹಿರಿಯರಲ್ಲವೇ ಎಂದು. ಆಮೇಲೆ ಒಬ್ಬೊಬ್ಬರಾಗಿ ಶುರು ಮಾಡಿದರು. ನಮ್ಮ ಲಗ್ನಕ್ಕ ಇವರ ಬಂದಿದ್ರು. ನಮ್ಮ ಮಗನ ತೊಟ್ಟಲಕ್ಕ ಇವರ. ನಮ್ಮವ್ವನ ಕಡೀ ಫೋಟೋ ಇವರ ತಗದದ್ದು. ಕಾರ್ಯಾಲಯದ ತುಂಬ ನನ್ನ ಗಂಡನ ಹೆಸರು ಓಡಾಡಿತು, ಬೋರ್ಡಿನಿಂದ ಅಳಿಸಿದ ಅದೇ ಹೆಸರು. ಮೈದುನ ಹಾರ ಹಾಕಿಕೊಂಡು, ತನ್ನದೇ ಮದುವೆಯಲ್ಲಿ ತಾನಿಲ್ಲದೆ ನಿಂತಿದ್ದ. ನನಗೆ ಸಂತೋಷವಾಯಿತು. ಸುಳ್ಳೇಕೆ ಹೇಳಲಿ, ಹೊಟ್ಟೆ ತುಂಬ ಹುಗ್ಗಿ ತುಪ್ಪ ಉಂಡಷ್ಟು ಸಂತೋಷವಾಯಿತು.

ಕೊನೆಗೆ ಆ ನಗು ಬಂತು. ಅಷ್ಟು ದೊಡ್ಡ ಪರದೆಯ ಮೇಲೆ ನನ್ನ ಗಂಡ ತಲೆ ಹಿಂದಕ್ಕೆ ಚೆಲ್ಲಿ ನಕ್ಕರು. ನೋಡುತ್ತಿದ್ದವರಿಗೂ ತಡೆಯಲಾಗಲಿಲ್ಲ, ಕಾರಣ ಗೊತ್ತಿಲ್ಲದೆಯೇ ಇಡೀ ಕಾರ್ಯಾಲಯ ನಕ್ಕಿತು. ನಾನೂ ನಕ್ಕೆ. ಮೈದುನನೂ ನಗುತ್ತಿದ್ದ. ಅವನ ನಗು ಬೇರೆಯವರ ನಗುವಿನ ಹಾಗಿರಲಿಲ್ಲ. ಅವನ ತುಟಿ ಏನನ್ನೋ ಹೇಳಿಕೊಂಡಂತೆ ಅಲುಗಿತು, ಆಮೇಲೆ ಅವನು ಹಾರವನ್ನೇ ಎತ್ತಿ ಕಣ್ಣೊರೆಸಿಕೊಂಡ.

ಊಟಕ್ಕೆ ಕುಳಿತಾಗ ಅವನ ಹೆಂಡತಿ ಬಂದು ನನ್ನ ಕೈ ಹಿಡಿದಳು. "ಭಾವನೋರನ್ನ ನೋಡಿ ಜೀವಕ್ಕ ಸಮಾಧಾನಾತ್ರಿ ಅಕ್ಕಾ," ಎಂದಳು. ಆಮೇಲೆ ಮೆಲ್ಲಗೆ, "ನಾನೂ ಎಲ್ಲೂ ಬರಲಿಲ್ಲಲ್ರಿ," ಎಂದಳು. ಅವಳ ಮೇಲೆ ನನಗೆ ಯಾವ ಸಿಟ್ಟೂ ಇರಲಿಲ್ಲ. ಮದುಮಗನ ಬಾಜು ನಿಂತಿದ್ದಳು, ಅದಕ್ಕೆ ಹೋದಳು. ಅವಳ ಕೈಗೆ ಜಂಪರ ಪೀಸು ಕೊಟ್ಟೆ.

ಆಮೇಲೆ ಮೈದುನ ಹುಗ್ಗಿಯ ಬಕೆಟ್ ಹಿಡಿದುಕೊಂಡು ಬಂದ. ಬಡಿಸಿ, ಮುಂದೆ ಹೋಗದೆ, ನನ್ನ ಎಲೆಯ ಎದುರಿಗೆ ಕುಕ್ಕರಗಾಲಿನಲ್ಲಿ ಕುಳಿತ. ಬೈಯುತ್ತಾನೆ ಎಂದುಕೊಂಡೆ. ಉತ್ತರ ಸಿದ್ಧವಾಗಿತ್ತು.

"ಎಲ್ಲಾ ಕಡೆ ನನ್ನ ತಗದೀರಿ ವೈನಿ," ಎಂದ.

"ನೀ ಇಲ್ಲೇ ಇದ್ದೀಯಲ್ಲ, ಎಲ್ಲಾರೂ ನೋಡ್ತಾರ. ಇದ್ದವರನ್ನ ತೋರ್ಸೂದು ಏನೈತಿ?"

ಬೋರ್ಡಿನ ಬಗ್ಗೆ ತಾನು ಅಂದಿದ್ದ ಮಾತೇ ತಿರುಗಿ ಬಂತೆಂದು ಅವನಿಗೆ ತಿಳಿಯಿತು. ತಲೆ ಅಲ್ಲಾಡಿಸಿದ. "ತಗೀರಿ. ತಗೀಬೇಕಾಗಿತ್ತು," ಎಂದ. ಆಮೇಲೆ ಕೇಳಿದ: "ಹಳೇದು ಐತೇನ್ರಿ, ಪೂರ್ತಿದು?"

"ಇಲ್ಲ. ಅಳಿಸೀನಿ. ಆ ಗುಜರಿನೂ ಕೊಟ್ಟೀನಿ."

ಅವನು ಬಕೆಟ್ಟನ್ನು ಕೆಳಗಿಟ್ಟ. "ಅಣ್ಣ ನಗಾಕ ಹತ್ಯಾನಲ್ರಿ ಕಡೀಕ," ಎಂದ. "ಅದು ನಾ ಅಂದದ್ದಕ್ಕ. ಏನ ಅಂದೆ ಅಂತ ನಿಮಗ ಅಂವ ಹೇಳಿದ್ನೇನ್ರಿ?"

ಹೇಳಿರಲಿಲ್ಲ. ಅಂಥದೊಂದು ಮಾತಿದೆ ಎಂದೇ ನನಗೆ ಗೊತ್ತಿರಲಿಲ್ಲ. ಸನಾದಿಯ ಕೆಳಗೆ ಆ ಮಾತು ಅಂದೇ ಹೋಗಿತ್ತು. ಉಳಿದದ್ದು ಹೇಳುವವನ ತುಟಿ ಮಾತ್ರ, ಅದನ್ನು ನಾನು ಕತ್ತರಿಸಿದ್ದೆ. ನನ್ನ ಗಂಡನನ್ನು ಹಾಗೆ ನಗಿಸಿದ್ದು ಏನೆಂದು ತಿಳಿದಿರುವ ಒಂದೇ ಒಂದು ಜೀವ ನನ್ನ ಎಲೆಯ ಮುಂದೆ ಕುಳಿತಿತ್ತು. ಕೇಳಿದ್ದರೆ ಹೇಳುತ್ತಿದ್ದ. ಕೇಳಲಿ ಎಂದೇ ಕಾಯುತ್ತಿದ್ದ, ಅದು ಅವನ ಕಣ್ಣಿನಲ್ಲಿ ಕಾಣುತ್ತಿತ್ತು. ನಾಲಿಗೆಯ ತುದಿಗೆ ಬಂದದ್ದನ್ನು ಹುಗ್ಗಿಯ ಜೊತೆ ನುಂಗಿದೆ.

"ಇಲ್ಲ," ಎಂದೆ, ಅಷ್ಟೇ.

"ಹಂಗಾದ್ರ ಅದು ನನ್ನ ಹತ್ರ ಅಷ್ಟ ಉಳೀತ್ರಿ," ಎಂದು ಎದ್ದ. ಅದನ್ನು ಅವನು ಸೇಡಿನಿಂದ ಹೇಳಿದನೋ, ದುಃಖದಿಂದ ಹೇಳಿದನೋ ನನಗೆ ತಿಳಿಯಲಿಲ್ಲ. ಮುಂದಿನ ಎಲೆಗೆ ಹುಗ್ಗಿ ಬಡಿಸಲು ಹೋದ.

ಈಗ ಮನೆ ಬಹಳ ಸುಮ್ಮನಿದೆ. ಬಿಲ್ಲು ಕಡಿಮೆ ಬರುತ್ತದೆ, ಹಲ್ಲಿಗಳು ಬೇರೆ ಜಾಗ ನೋಡಿಕೊಂಡಿವೆ, ಬಂದವರು ಹಿಟ್ಟಿನ ಮಾತು ಎತ್ತುವುದಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಟಿವಿಯಲ್ಲಿ ಆ ಭಾಗವನ್ನು ಹಚ್ಚಿ ನೋಡುತ್ತೇನೆ. ನನ್ನ ಗಂಡ ಎಡಕ್ಕೆ ತಿರುಗುತ್ತಾರೆ, ನಗುತ್ತಾರೆ, ಕಣ್ಣೊರೆಸಿಕೊಳ್ಳುತ್ತಾರೆ. ಅವರು ನೋಡುತ್ತಿರುವ ಕಡೆ ಚಿತ್ರ ಮುಗಿದಿದೆ. ಆ ಅಂಚನ್ನು ಕೂರಿಸಿದವಳು ನಾನೇ, ಬಹಳ ಅಚ್ಚುಕಟ್ಟಾಗಿ ಕೂರಿಸಿದ್ದೇನೆ. ಗಿರಣಿ ಇದ್ದಿದ್ದರೆ ಇಷ್ಟು ಹೊತ್ತಿಗೆ ಅದರ ಸದ್ದಿನಲ್ಲಿ ಮೈದುನನಿಗೆ ನಾಲ್ಕು ಮಾತು ಬೈದು ಹಗುರಾಗುತ್ತಿದ್ದೆ. ಡಬ್ಬಿಯದು ಇಲಿಮರಿಯಷ್ಟೇ ಸದ್ದು, ಅದರಡಿ ಯಾವ ಬೈಗುಳವೂ ಅಡಗುವುದಿಲ್ಲ.

ಈ ಸಲದ ದಸರೆಗೂ ಮೈದುನ ಬನ್ನಿ ತಂದಿದ್ದ. ಅಂಗಡಿಯ ಬೋರ್ಡು ಇನ್ನೂ ಹಾಗೆಯೇ ಇದೆ ಎಂದು ಕೇಳಿದ್ದೇನೆ. ಎಲೆ ಕೊಟ್ಟ, ಕಾಲಿಗೆ ಬಿದ್ದ, ಚಹಾ ಕುಡಿದ. ಕಪ್ಪು ಕೆಳಗಿಟ್ಟ ಮೇಲೂ ಏಳದೆ, ಟಿವಿಯ ಪಕ್ಕದ ಡಬ್ಬಿಯನ್ನು ನೋಡುತ್ತ ಸ್ವಲ್ಪ ಹೊತ್ತು ಕುಳಿತ. ನಾನು ಕೇಳುತ್ತೇನೆಂದು ಅವನು ಕಾದ. ಬೋರ್ಡು ಬದಲಿಸುತ್ತೇನೆ ಎಂದು ಅವನೇ ಹೇಳಲಿ ಎಂದು ನಾನು ಕಾದೆ. ಆಮೇಲೆ ಅವನು ಚಪ್ಪಲಿ ಮೆಟ್ಟಿಕೊಂಡ, ನಾನು ಬಾಗಿಲು ಹಾಕಿದೆ.